ಟಯರ್ ದೊಡ್ಡದು ಮಾಡುವ ಮೊದಲು ಆಕ್ಸಲ್ ನೆನಪಿಸಿಕೊಳ್ಳಿ

ಮಳೆ ಹಿಡಿಯುತ್ತಿದ್ದಂತೆ ನಮ್ಮ ಕಾಸರಗೋಡಿನ ಮುಳ್ಳೇರಿಯ, ಬಂದಡ್ಕ ಕಡೆಯ ಹುಡುಗರು ಕೇಳುವುದು ಒಂದೇ. "ಅಣ್ಣಾ, ಪಿಕಪ್ಪಿಗೆ 33 ಇಂಚಿನ ಟಯರ್ ಹಾಕಬಹುದಾ?" ನಾನೂ ಒಮ್ಮೆ ಹಾಕಿದವನೇ. ಹಾಗಾಗಿಯೇ ಹೇಳುತ್ತಿದ್ದೇನೆ, ಬೇಡ.

ನಮ್ಮ ತೋಟಕ್ಕೆ ಹೋಗುವುದು ಕೆಂಪು ಮಣ್ಣಿನ ಏರು. ನಡುವೆ ಮುರಕಲ್ಲು ಮೆಟ್ಟಿಲಿನ ಹಾಗೆ ಎದ್ದಿದೆ. ಆ ದಿನ ಹಿಂದೆ ಗೊಬ್ಬರದ ಚೀಲಗಳಿದ್ದವು. ಕೆಸರಲ್ಲಿ ಹಿಂದಿನ ಚಕ್ರ ನಿಂತಲ್ಲೇ ಸುತ್ತತೊಡಗಿತು. ನಾನು ಆಕ್ಸಿಲರೇಟರ್ ಇನ್ನೂ ಒತ್ತಿದೆ. ಗಾಡಿ ಕುಣಿಯಿತು, ಜೋರಾಗಿ ಸುತ್ತುತ್ತಿದ್ದ ಚಕ್ರ ಒಮ್ಮೆಲೇ ಕಲ್ಲನ್ನು ಕಚ್ಚಿತು. ಟಕ್! ಚಕ್ರವನ್ನು ತಿರುಗಿಸುವ ಉಕ್ಕಿನ ದಂಡ, ಅದೇ ಆಕ್ಸಲ್ ಶಾಫ್ಟ್, ಎರಡು ತುಂಡು. ಮೆಕ್ಯಾನಿಕ್ ಇಚ್ಚ ಬಂದು ನೋಡಿ ಹೇಳಿದ್ದು ಇಷ್ಟೇ: "ಟಯರ್ ದೊಡ್ಡದಾಯ್ತು, ಶಾಫ್ಟ್ ಹಳೆಯ ದಪ್ಪದ್ದೇ ಅಲ್ವಾ?"

ವೀಲ್ ಬೋಲ್ಟ್ ಬಿಚ್ಚಲು ಬಾರದಿದ್ದರೆ ಸ್ಪಾನರಿಗೆ ಪೈಪ್ ತೂರಿಸುತ್ತೇವೆ. ಕೈಯ ಬಲ ಅಷ್ಟೇ, ಆದರೂ ಬೋಲ್ಟ್ ಮುರಿದೇ ಹೋಗುವುದುಂಟು. ದೊಡ್ಡ ಟಯರ್ ಆ ಪೈಪಿನ ಹಾಗೆ. ನೆಲ ಅದರ ತುದಿಯನ್ನು ಹಿಡಿದುಕೊಂಡಿರುತ್ತದೆ, ತಿರುಚು ಪೂರ್ತಿ ಶಾಫ್ಟಿಗೆ ಬೀಳುತ್ತದೆ. ಕಂಪನಿ ಕೊಟ್ಟ 235/70 ಆರ್ 16 ಟಯರಿನ ಎತ್ತರ ಸುಮಾರು 735 ಮಿಲಿಮೀಟರ್. 33 ಇಂಚು ಅಂದರೆ 838. ಹಿಡಿತ ಅಷ್ಟೇ ಇದ್ದರೂ ಶಾಫ್ಟಿನ ಮೇಲೆ ಶೇಕಡಾ 14ರಷ್ಟು ಹೆಚ್ಚು ತಿರುಚು ಬೀಳಬಹುದು. ಟಯರಿನ ಭಾರ ಬೇರೆ. ಭಾರದ ಚಕ್ರ ಗಾಳಿಯಲ್ಲಿ ಸುತ್ತಿ ನೆಲಕ್ಕೆ ಬಿದ್ದರೆ ಸುತ್ತಿಗೆಯ ಪೆಟ್ಟೇ ಸರಿ. ಆಕ್ಸಲಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಲಾಕರ್ ಹಾಕಿಸಿದವರಿಗೆ ಇನ್ನೂ ಅಪಾಯ. ಒಂದು ಚಕ್ರ ಮಾತ್ರ ಹಿಡಿದುಕೊಂಡರೆ ಆ ಆಕ್ಸಲಿಗೆ ಬಂದ ಬಲವೆಲ್ಲ ಒಂದೇ ಶಾಫ್ಟಿಗೆ ಹೋಗುತ್ತದೆ.

ಇಷ್ಟೆಲ್ಲಾ ಮಾಡಿ ಸಿಕ್ಕಿದ್ದು ಏನು? ಆಕ್ಸಲಿನ ನಡುವೆ ಇರುವ ಗೇರಿನ ಗುಂಡು, ಅಂದರೆ ಡಿಫರೆನ್ಷಿಯಲ್, ಅದರ ಕೆಳಗೆ ಸುಮಾರು 51 ಮಿಲಿಮೀಟರ್ ಜಾಗ. ಹೋದದ್ದು ಜಾಸ್ತಿ. ಏರಿನಲ್ಲಿ ಎಳೆತ ಕಡಿಮೆಯಾಯಿತು, ಕ್ಲಚ್ ವಾಸನೆ ಬರತೊಡಗಿತು. ಮೀಟರ್ 60 ತೋರಿಸುವಾಗ ಗಾಡಿ 68ರಲ್ಲಿ ಓಡುತ್ತಿತ್ತು. ಡಿಫರೆನ್ಷಿಯಲ್ ಒಳಗಿನ ಗೇರಿನ ಜೋಡಿ, ಕ್ರೌನ್ ಪಿನಿಯನ್, ಬದಲಿಸಿದರೆ ಎಳೆತ ವಾಪಸ್ ಬರುತ್ತದೆ, ನಿಜ. ಆದರೆ ಅದರಲ್ಲಿ ಸಾಮಾನ್ಯವಾಗಿ ಪಿನಿಯನ್ ಸಣ್ಣದಾಗುತ್ತದೆ, ಆಗ ಮುರಿಯುವ ಜಾಗ ಅದೇ ಆಗಬಹುದು.

ನಿಮ್ಮದು ಸೆಮಿ ಫ್ಲೋಟಿಂಗ್ ಆಕ್ಸಲ್ ಆದರೆ ಇನ್ನೂ ಎಚ್ಚರ ಬೇಕು. ಅದರಲ್ಲಿ ಗಾಡಿಯ ಭಾರವನ್ನೂ ಶಾಫ್ಟೇ ಹೊರುತ್ತದೆ. ಬೇರಿಂಗಿನ ಹೊರಗೆ ಮುರಿದರೆ ಚಕ್ರವೇ ಕಳಚಿಕೊಂಡು ಹೋಗುತ್ತದೆ. ನನಗೆ ಒಳಗೆ ಮುರಿದದ್ದು ಪುಣ್ಯ. ಬಂದಡ್ಕದ ಇಳಿಜಾರಿನಲ್ಲಿ ಹೊರಗೆ ಮುರಿದಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಭಯವಾಗುತ್ತದೆ. ವೀಲ್ ಸ್ಪೇಸರ್ ಹಾಕಿ ಚಕ್ರ ಹೊರಗೆ ತಳ್ಳುವವರೂ ಬೇರಿಂಗಿನ ಮೇಲೆ ಭಾರ ಏರಿಸುತ್ತಿದ್ದೀರಿ.

ಕಾನೂನೂ ಇದೆ. ಕಂಪನಿ ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದು ನಮ್ಮ ಕೇರಳದ್ದೇ ಕೇಸು.

ಈಗ ನನ್ನದು 245/75 ಆರ್ 16. ನನ್ನ ಗಾಡಿಯ ಇನ್ನೊಂದು ಮಾಡೆಲಿಗೆ ಕಂಪನಿಯೇ ಕೊಡುವ ಅಳತೆ. ಎತ್ತರ 774 ಮಿಲಿಮೀಟರ್, ಶಾಫ್ಟಿಗೆ ಹೆಚ್ಚಿದ್ದು ಶೇಕಡಾ 5 ಮಾತ್ರ. ಕೆಸರಿಗೆ ಬೇಕಾದದ್ದು ಎತ್ತರಕ್ಕಿಂತ ಹೆಚ್ಚಾಗಿ ಟಯರಿನ ಮೇಲೆ ಒಳ್ಳೆಯ ಕಚ್ಚು ಮತ್ತು ಒಳಗೆ ಕಡಿಮೆ ಗಾಳಿ. ಖಾಲಿ ಗಾಡಿಯಲ್ಲಿ ಏರಿನ ಬುಡದಲ್ಲೇ ನಿಲ್ಲಿಸಿ ಗಾಳಿಯ ಒತ್ತಡ 20 ಪಿಎಸ್‌ಐಗೆ ಇಳಿಸುತ್ತೇನೆ. ಲೋಡ್ ಇದ್ದರೆ ಅಷ್ಟು ಇಳಿಸುವುದಿಲ್ಲ. ಟಾರ್ ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸುತ್ತೇನೆ, ಸೀಟಿನಡಿ ಸಣ್ಣ ಪಂಪ್ ಇದೆ. ಲೋ ಗೇರಿನಲ್ಲಿ ನಿಧಾನಕ್ಕೆ ಬಿಡುತ್ತೇನೆ. ಚಕ್ರ ಕುಣಿಯಲು ಶುರುವಾದರೆ ಕಾಲು ತೆಗೆಯುತ್ತೇನೆ, ಹಿಂದೆ ಬರುತ್ತೇನೆ, ಬೇರೆ ಜಾಡು ಹಿಡಿಯುತ್ತೇನೆ. ಶಾಫ್ಟ್ ಮುರಿದ ಅದೇ ಮುರಕಲ್ಲಿನ ಮೆಟ್ಟಿಲನ್ನು ಈ ಆಟಿಯ ಮಳೆಯಲ್ಲೂ ದಿನಾ ಹತ್ತುತ್ತಿದ್ದೇನೆ.