ಕುಲುಮೆಯ ಒಳಗೋಡೆಗೆ ಲೇಪನ: ಬೇಕೆ, ಬೇಡವೆ?

ಮಂಗಳೂರು ಬೆಂಕಿಯ ಕಸುಬನ್ನು ಇಂದು ನಿನ್ನೆ ಕಲಿತ ಊರಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ಇಲ್ಲಿ ಒಂದಲ್ಲ ಒಂದು ಗೂಡು ಉರಿಯುತ್ತಲೇ ಬಂದಿದೆ. ಹಂಚಿನ ಕಾರ್ಖಾನೆಗಳ ಚಿಮಣಿಗಳು ಒಂದೊಂದಾಗಿ ತಣ್ಣಗಾದವು. ಆದರೆ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ, ಕಾರ್ಕಳ-ಕುಂದಾಪುರ ಕಡೆಯ ಗೇರುಬೀಜ ಕಾರ್ಖಾನೆಗಳ ಬಾಯ್ಲರುಗಳಲ್ಲಿ, ಪಣಂಬೂರಿನ ದೊಡ್ಡ ಉದ್ಯಮಗಳಲ್ಲಿ ಬೆಂಕಿಯ ಕೆಲಸ ಮುಂದುವರಿದಿದೆ. ಕುಲುಮೆ ಚಿಕ್ಕದಿರಲಿ, ದೊಡ್ಡದಿರಲಿ, ಅದನ್ನು ನೋಡಿಕೊಳ್ಳುವವರನ್ನು ಕಾಡುವ ತೊಂದರೆಯೊಂದೇ: ಜ್ವಾಲೆ ತಾನಿರಬೇಕಾದ ಜಾಗ ಬಿಟ್ಟು ಒಳಗೋಡೆಯನ್ನು ನೆಕ್ಕತೊಡಗುತ್ತದೆ, ಗೋಡೆ ಕರಗುತ್ತದೆ, ಬಿರಿಯುತ್ತದೆ, ಕಳಚುತ್ತದೆ.

ಹೀಗಾದಾಗ ಗೋಡೆಯ ಮೇಲೆ ಶಾಖನಿರೋಧಕ ಲೇಪನ, ಅಂದರೆ ಕಾರ್ಖಾನೆಯಲ್ಲಿ ಎಲ್ಲರೂ ಕೋಟಿಂಗ್ ಎನ್ನುವ ಪದಾರ್ಥವನ್ನು ಬಳಿದು ಅದನ್ನು ಕಾಪಾಡುವುದು ಸರಿಯಾದ ದಾರಿಯೇ? ನಿರ್ವಹಣಾ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದ ನಾನು ಈ ಪ್ರಶ್ನೆಗೆ ಮೊದಲು ಹೌದೆಂದೂ ಆಮೇಲೆ ಅಲ್ಲವೆಂದೂ ಉತ್ತರಿಸಿದವನು. ಹಾಗಾಗಿ ಎರಡೂ ಪಕ್ಷವನ್ನು ನಾನೇ ಬರೆಯುತ್ತಿದ್ದೇನೆ. ಪರವಾದ ಮಾತುಗಳನ್ನು ನಾನು ಒಂದು ಕಾಲದಲ್ಲಿ ಮನಸಾರೆ ನಂಬಿದ್ದೆ, ಅವುಗಳಲ್ಲಿ ಕೆಲವನ್ನು ಈಗಲೂ ನಂಬುತ್ತೇನೆ.

ಪರ: ಗೋಡೆಗೊಂದು ಹೊದಿಕೆ ಬೇಕೇ ಬೇಕು

ಗೋಡೆ ಕೆಡುವ ಬಗೆಯನ್ನು ಹತ್ತಿರದಿಂದ ಕಂಡವರಿಗೆ ಲೇಪನದ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೈರ್‌ಕ್ಲೇ, ಅಂದರೆ ಬೆಂಕಿ ತಾಳುವ ಜೇಡಿಯ ಇಟ್ಟಿಗೆ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಅದರ ಗಾತ್ರದಲ್ಲಿ ಸುಮಾರು ಐದನೆಯ ಒಂದು ಪಾಲು ಬರಿಯ ರಂಧ್ರ. ಗೇರುಬೀಜದ ಸಿಪ್ಪೆಯನ್ನೋ ಎಣ್ಣೆ ತೆಗೆದ ಸಿಪ್ಪೆಯ ಹಿಂಡಿಯನ್ನೋ ಉರಿಸುವ ಬಾಯ್ಲರಿನಲ್ಲಿ ಬೂದಿಯ ಪೊಟ್ಯಾಸಿಯಂ ಎಂಬ ಕ್ಷಾರ ಆವಿಯಾಗಿ ಈ ರಂಧ್ರಗಳೊಳಗೆ ಇಳಿಯುತ್ತದೆ. ಅಲ್ಲಿ ಅದು ಇಟ್ಟಿಗೆಯ ಅಲ್ಯುಮಿನಾ ಮತ್ತು ಸಿಲಿಕಾಗಳೊಂದಿಗೆ ಸೇರಿ ಲ್ಯೂಸೈಟ್, ಕ್ಯಾಲ್ಸಿಲೈಟ್ ಎಂಬ ಹೊಸ ಖನಿಜಗಳಾಗುತ್ತದೆ. ಇವು ಮೊದಲಿದ್ದುದಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಇಟ್ಟಿಗೆಯ ಮುಖ ಒಳಗಿನಿಂದಲೇ ಉಬ್ಬುತ್ತದೆ ಮತ್ತು ಹಲಸಿನ ಹಪ್ಪಳದಂಥ ಹೆಕ್ಕಳೆಗಳಾಗಿ ಪದರ ಪದರವಾಗಿ ಕಳಚಿ ಬೀಳುತ್ತದೆ. ಒಂದು ಹೆಕ್ಕಳೆ ಬಿದ್ದ ಕೂಡಲೇ ಹಿಂದಿನ ಹೊಸ ಮುಖ ಬೆಂಕಿಗೆ ತೆರೆದುಕೊಳ್ಳುವುದರಿಂದ ಈ ಕ್ರಿಯೆಗೆ ಕೊನೆಯೆಂಬುದಿಲ್ಲ. ಇಂಧನವನ್ನು ಬದಲಿಸಿ ಎಂದು ಗೇರುಬೀಜದ ಕಾರ್ಖಾನೆಯವರಿಗೆ ಹೇಳುವುದು ಸುಲಭ. ಆದರೆ ತಮ್ಮದೇ ಅಂಗಳದಲ್ಲಿ ರಾಶಿ ಬೀಳುವ ಸಿಪ್ಪೆಯನ್ನು ಬಿಟ್ಟು ಅವರು ಬೇರೇನನ್ನು ಕೊಳ್ಳಬೇಕು? ಇಂಥ ಕಡೆ ಅಲ್ಯುಮಿನಾ, ಜಿರ್ಕಾನ್ ಅಥವಾ ಸಿಲಿಕಾನ್ ಕಾರ್ಬೈಡಿನ ನುಣುಪು ಪುಡಿಯನ್ನು ಸರಿಯಾದ ಬಂಧಕದಲ್ಲಿ ಕಲಸಿ ಬಳಿದರೆ ರಂಧ್ರಗಳ ಬಾಯಿ ಮುಚ್ಚುತ್ತದೆ, ಕ್ಷಾರದ ದಾರಿ ಕಟ್ಟುತ್ತದೆ.

ಇಟ್ಟಿಗೆಯ ಬದಲು ಸೆರಾಮಿಕ್ ಫೈಬರ್, ಅಂದರೆ ಬಿಸಿ ತಾಳುವ ನಾರಿನ ಹಾಸು ಹೊದಿಸಿದ ಕುಲುಮೆಗಳಲ್ಲಿ ಈ ವಾದ ಇನ್ನೂ ಗಟ್ಟಿ. ಫೈಬರ್ ಹಗುರ. ಬೇಗ ಕಾಯುತ್ತದೆ, ಬೇಗ ಆರುತ್ತದೆ, ಇಟ್ಟಿಗೆಯಂತೆ ಟನ್ನುಗಟ್ಟಲೆ ಶಾಖವನ್ನು ತನ್ನಲ್ಲೇ ನುಂಗಿಕೊಂಡು ಕೂರುವುದಿಲ್ಲ. ಆದರೆ ಅದರ ಮೈ ಮೆತ್ತಗೆ. ಬರ್ನರಿನಿಂದ ರಭಸವಾಗಿ ಬರುವ ಅನಿಲ ಅದನ್ನು ಎಳೆ ಎಳೆಯಾಗಿ ಕಿತ್ತೊಯ್ಯುತ್ತದೆ. ಮೇಲ್ಮೈಗೆ ಕೊಲಾಯ್ಡಲ್ ಸಿಲಿಕಾದಂಥ ಗಟ್ಟಿಕಾರಕವನ್ನು ಸಿಂಪಡಿಸದೆ ಬಿಟ್ಟರೆ ಆ ಎಳೆಗಳು ಉಳಿಯುವುದಿಲ್ಲ.

ಕಾಲದ ಲೆಕ್ಕವನ್ನೂ ನೋಡಬೇಕು. ಗೋಡೆಯನ್ನು ಕಿತ್ತು ಹೊಸದಾಗಿ ಕಟ್ಟುವುದೆಂದರೆ ಮೊದಲು ಕುಲುಮೆ ನಿಧಾನವಾಗಿ ಆರಬೇಕು, ಹಳೆಯದನ್ನು ಒಡೆದು ಹೊರಹಾಕಬೇಕು, ಕೈ ಪಳಗಿದ ಮೇಸ್ತ್ರಿ ಸಿಗಬೇಕು. ಇಟ್ಟಿಗೆ ಘಟ್ಟದಾಚೆಯಿಂದ ಲಾರಿಯಲ್ಲಿ ಬರಬೇಕು, ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಆ ಲಾರಿ ಅಲ್ಲೇ ನಿಂತಿತು. ಇಟ್ಟಿಗೆಯ ಬದಲು ಕ್ಯಾಸ್ಟಬಲ್, ಅಂದರೆ ಬಿಸಿ ತಾಳುವ ಕಾಂಕ್ರೀಟು ಹಾಕಿದರೆ ಒಂದು ದಿನವಾದರೂ ತೇವದಲ್ಲಿ ಗಟ್ಟಿಯಾಗಲು ಬಿಡಬೇಕು, ಬಳಿಕ 110 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ತಡೆದು ನಿಲ್ಲಿಸಿ ನೀರನ್ನು ಹೊರಗೆ ಬಿಡಬೇಕು, ಆಮೇಲೆ ಗಂಟೆಗೆ ಇಷ್ಟೇ ಡಿಗ್ರಿಯೆಂದು ಲೆಕ್ಕ ಹಿಡಿದು ಏರಿಸಬೇಕು. ಅವಸರ ಮಾಡಿದರೆ ಒಳಗಿನ ಹಬೆಯೇ ಗೋಡೆಯನ್ನು ಸಿಡಿಸುತ್ತದೆ. ಇಷ್ಟಕ್ಕೆ ಎರಡು ವಾರ ಹೋದರೂ ಆಶ್ಚರ್ಯವಿಲ್ಲ. ಲೇಪನವಾದರೆ ಶನಿವಾರ ಆರಿಸಿದ ಸಣ್ಣ ಕುಲುಮೆಯನ್ನು ಮಂಗಳವಾರ ಹೊತ್ತಿಸಬಹುದು. ಹತ್ತಿಪ್ಪತ್ತು ಜನರ ದಿನಗೂಲಿ ಒಂದೇ ಕುಲುಮೆಯ ಮೇಲೆ ನಿಂತಿರುವಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಕೊನೆಗೆ ಶಾಖದ ಉಳಿತಾಯ. ಎತ್ತರದ ಉಷ್ಣತೆಯಲ್ಲಿ ಶಾಖ ಸಾಗುವುದು ಮುಖ್ಯವಾಗಿ ವಿಕಿರಣದಿಂದ, ಅದು ಉಷ್ಣತೆಯ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಸಾಮಾನ್ಯ ಇಟ್ಟಿಗೆಯ ವಿಕಿರಣ ಸಾಮರ್ಥ್ಯ ಬಿಸಿ ಏರಿದಂತೆ ಕುಗ್ಗುವುದರಿಂದ, ಆ ಸಾಮರ್ಥ್ಯವನ್ನು ಉಳಿಸಿಕೊಳ್ಳುವ ಲೇಪನ ಗೋಡೆಗೆ ಬಿದ್ದ ಶಾಖವನ್ನು ಸರಕಿನ ಕಡೆಗೆ ಹೆಚ್ಚು ಚೆನ್ನಾಗಿ ಮರಳಿಸುತ್ತದೆ ಎಂಬ ತರ್ಕದಲ್ಲಿ ಹುರುಳಿದೆ.

ವಿರೋಧ: ಕೆಟ್ಟದ್ದು ಗೋಡೆಯಲ್ಲ, ಜ್ವಾಲೆ

ನನ್ನ ಅಭಿಪ್ರಾಯ ಬದಲಾದದ್ದು ಫರ್ನೇಸ್ ಆಯಿಲ್ ಎಂಬ ಮಂದ ಇಂಧನ ಎಣ್ಣೆಯನ್ನು ಉರಿಸುವ ಒಂದು ಕುಲುಮೆಯ ಮುಂದೆ. ಬರ್ನರಿಗೆ ಎದುರಾದ ಗೋಡೆಯಲ್ಲಿ ಊಟದ ಹರಿವಾಣದಷ್ಟು ಅಗಲದ ಒಂದು ಕಲೆಯಿತ್ತು. ಅಲ್ಲಿನ ಇಟ್ಟಿಗೆ ಬಾಟಲಿಯ ಗಾಜಿನಂತೆ ಹೊಳೆಯುತ್ತಿತ್ತು, ಅಂಚಿನಲ್ಲಿ ಕರಗಿದ ಹನಿಗಳು ಮೇಣದಂತೆ ಇಳಿದು ಹೆಪ್ಪುಗಟ್ಟಿದ್ದವು. ಒಂದೇ ವರ್ಷದಲ್ಲಿ ನಾವು ಅದಕ್ಕೆ ಮೂರು ಸಲ ಕೋಟಿಂಗ್ ಬಳಿದೆವು. ಮೂರು ಸಲವೂ ಅದೇ ಜಾಗದಲ್ಲಿ ಅದೇ ಆಕಾರದ ಕಲೆ ಮತ್ತೆ ಎದ್ದಿತು. ನಾಲ್ಕನೆಯ ಡಬ್ಬಿಗೆ ನಾನು ಸಹಿ ಹಾಕುವ ಮುನ್ನ ನಮ್ಮ ಹಿರಿಯ ಫಿಟ್ಟರ್, "ಸರ್, ಒಂದೇ ಜಾಗದಲ್ಲಿ ಯಾಕೆ ಹೋಗ್ತದೆ? ಬರ್ನರ್ ಒಮ್ಮೆ ಬಿಚ್ಚಿ ನೋಡುವ," ಎಂದರು. ಬಿಚ್ಚಿದೆವು. ನಾಜಲ್‌ನ ತುದಿಯ ಒಂದು ಮಗ್ಗುಲಲ್ಲಿ ಗೇರುಬೀಜದ ಗಾತ್ರದ ಇದ್ದಿಲ ಗಂಟು ಕಟ್ಟಿಕೊಂಡು ಎಣ್ಣೆಯ ಸಿಂಚನವನ್ನು ಓರೆಯಾಗಿಸಿತ್ತು. ಅಷ್ಟೇ ಅಲ್ಲ, ಎಣ್ಣೆ ಕಾಯಿಸುವ ಹೀಟರಿನ ಬಳಿಯ ಮಾಪಕ 110 ಡಿಗ್ರಿ ತೋರಿಸುತ್ತಿದ್ದರೂ ಅಲ್ಲಿಂದ ಬರ್ನರಿಗೆ ಬರುವ ಪೈಪಿನ ಹೊದಿಕೆ ಕಳಚಿಹೋಗಿ, ಎಣ್ಣೆ ದಾರಿಯಲ್ಲೇ ತಣಿದು 80ಕ್ಕೆ ಇಳಿದಿತ್ತು. ತಣಿದ ಫರ್ನೇಸ್ ಆಯಿಲ್ ಮಂದವಾಗುತ್ತದೆ, ಮಂದವಾದ ಎಣ್ಣೆ ಸಣ್ಣ ಹನಿಯಾಗಿ ಒಡೆಯುವುದಿಲ್ಲ, ದಪ್ಪ ಹನಿ ಗಾಳಿಯಲ್ಲಿ ಪೂರ್ತಿ ಉರಿಯುವಷ್ಟರಲ್ಲಿ ಗೋಡೆ ಮುಟ್ಟಿ ಅಲ್ಲೇ ಅಂಟಿಕೊಂಡು ಉರಿಯುತ್ತದೆ. ನಾಜಲ್ ತೊಳೆದು, ಪೈಪಿಗೆ ಹೊದಿಕೆ ಸುತ್ತಿ, ಬರ್ನರನ್ನು ನಡುಗೆರೆಗೆ ತಂದ ಮೇಲೆ ಕಲೆಯ ಆಳವನ್ನು ಅಳೆದಿಟ್ಟೆವು. ಮುಂದಿನ ವಾರ್ಷಿಕ ಶಟ್‌ಡೌನಿನಲ್ಲಿ ಮತ್ತೆ ಅಳೆದಾಗ ಅದು ಕಣ್ಣಿಗೆ ಕಾಣುವಷ್ಟು ಹೆಚ್ಚಿರಲಿಲ್ಲ. ಲೇಪನವಿಲ್ಲದ ಬರಿಯ ಇಟ್ಟಿಗೆಯೇ ವರ್ಷ ಪೂರೈಸಿತ್ತು.

ಅಷ್ಟಾಗಿ, ತೆಳುವಾದ ಪದರವೊಂದು ಗೋಡೆಯನ್ನು ಬಿಸಿಯಿಂದ ಕಾಪಾಡುತ್ತದೆಂಬ ನಂಬಿಕೆಯನ್ನು ಕಾಗದದ ಮೇಲೆ ಪರೀಕ್ಷಿಸಬಹುದು. ಗೋಡೆಯ ಮೂಲಕ ಚದರ ಮೀಟರಿಗೆ 1,000 ವ್ಯಾಟ್ ಶಾಖ ಹೊರಗೆ ಹೋಗುತ್ತಿದೆ ಎಂದಿಟ್ಟುಕೊಳ್ಳೋಣ. ಲೇಪನದ ದಪ್ಪ ಅರ್ಧ ಮಿಲಿಮೀಟರ್, ಅದರ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ 1 ವ್ಯಾಟ್ ಆಗಿರಲಿ. ಆಗ ಲೇಪನದ ಹೊರಮೈಗೂ ಅದರ ಹಿಂದಿನ ಇಟ್ಟಿಗೆಯ ಮುಖಕ್ಕೂ ಇರುವ ಉಷ್ಣತೆಯ ಅಂತರ ಅರ್ಧ ಡಿಗ್ರಿ. 1,600 ಡಿಗ್ರಿಯ ಜ್ವಾಲೆ ತಗಲುವಲ್ಲಿ ಅರ್ಧ ಡಿಗ್ರಿಯ ನೆರಳಿನಿಂದ ಆಗುವುದೇನು? ಲೇಪನ ರಾಸಾಯನಿಕ ದಾಳಿಯನ್ನು ತಡೆಯಬಲ್ಲದು, ಸವೆತವನ್ನು ತಡೆಯಬಲ್ಲದು. ಬಿಸಿಯನ್ನು ತಡೆಯುವುದು ಅದರ ಕೈಲಾಗದ ಕೆಲಸ.

ಆ ರಾಸಾಯನಿಕ ರಕ್ಷಣೆಯೂ ಎಲ್ಲ ಕಡೆ ಸಲ್ಲುವುದಿಲ್ಲ. ಅಗ್ಗದ ಎಷ್ಟೋ ಲೇಪನಗಳ ಬಂಧಕ ಸೋಡಿಯಂ ಸಿಲಿಕೇಟ್. ಅದು ತಾನೇ ಕ್ಷಾರ. ಕ್ಷಾರದಿಂದ ಕೆಡುತ್ತಿರುವ ಇಟ್ಟಿಗೆಗೆ ಕ್ಷಾರವನ್ನೇ ಬಳಿದಂತಾಗುತ್ತದೆ. ಫರ್ನೇಸ್ ಆಯಿಲಿನ ಬೂದಿಯಲ್ಲಿ ವೆನೇಡಿಯಂ ಇರುತ್ತದೆ. ವೆನೇಡಿಯಂ ಪೆಂಟಾಕ್ಸೈಡ್ 700 ಡಿಗ್ರಿಯೊಳಗೇ ಕರಗುತ್ತದೆ, ಸೋಡಿಯಂ ಜೊತೆಗೂಡಿದರೆ ಅದಕ್ಕೂ ಕೆಳಗೆ. ಈ ದ್ರವ ತೆಳುವಾದ ಲೇಪನವನ್ನು ತಿಂದು ಮುಗಿಸಲು ಬಹಳ ಕಾಲ ಬೇಕಾಗುವುದಿಲ್ಲ. ಗಾಳಿ ಕಡಿಮೆಯಾಗಿ ಹೊಗೆಯಾಡುವ ಜ್ವಾಲೆಯದು ಬೇರೆಯೇ ದಾರಿ. ಅದರ ಕಾರ್ಬನ್ ಮಾನಾಕ್ಸೈಡ್ ಇಟ್ಟಿಗೆಯ ಒಳಕ್ಕೆ ಹೋಗಿ, 400ರಿಂದ 600 ಡಿಗ್ರಿಯಿರುವ ನಡುಭಾಗದಲ್ಲಿ ಕಬ್ಬಿಣದ ಚುಕ್ಕೆಗಳ ಸುತ್ತ ಇಂಗಾಲವಾಗಿ ಕೂಡಿಕೊಂಡು ಇಟ್ಟಿಗೆಯನ್ನು ಒಳಗಿನಿಂದ ಒಡೆಯುತ್ತದೆ. ಮುಖದ ಮೇಲೆ ಬಳಿದ ಪದರದಲ್ಲಿ ಕೂದಲೆಳೆಯ ಬಿರುಕು ಒಂದಿದ್ದರೂ ಅನಿಲಕ್ಕೆ ಅಷ್ಟು ಸಾಕು. ಗಾಳಿಯ ಹರಿವನ್ನು ಹತೋಟಿಯಲ್ಲಿಡುವ ಡ್ಯಾಂಪರನ್ನು ಸರಿಪಡಿಸಿದರೆ ಮಾತ್ರ ಇದು ನಿಲ್ಲುತ್ತದೆ.

ವಿಕಿರಣದ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಶುದ್ಧ ಅನಿಲ ಉರಿಯುವ ಕುಲುಮೆಯಲ್ಲಿ ಅದಕ್ಕೆ ಬೆಲೆಯಿದೆ. ಆದರೆ ಸಿಪ್ಪೆಯೋ ಕಟ್ಟಿಗೆಯೋ ಉರಿಯುವಲ್ಲಿ ಲೇಪನದ ಮೇಲೆ ಕೆಲವೇ ವಾರಗಳಲ್ಲಿ ಬೂದಿ ಕೂರುತ್ತದೆ, ಆಮೇಲೆ ವಿಕಿರಣ ನಡೆಸುವುದು ಬೂದಿಯ ಮೈ.

ನಮ್ಮ ಹವೆಯ ಮಾತನ್ನು ಮಾರಾಟಗಾರರ ಕೈಪಿಡಿಗಳು ಹೇಳುವುದೇ ಇಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಈ ಕರಾವಳಿಯಲ್ಲಿ ಆಟಿ ತಿಂಗಳಲ್ಲಿ ನಿಲ್ಲಿಸಿದ ಕುಲುಮೆಯ ಇಟ್ಟಿಗೆ ಗಾಳಿಯಿಂದಲೇ ನೀರು ಕುಡಿಯುತ್ತದೆ, ತಗಡಿನ ಮಾಡು ಸೋರಿದರೆ ಕೇಳುವುದೇ ಬೇಡ. ಆ ಒದ್ದೆ ಗೋಡೆಯ ರಂಧ್ರಗಳ ಬಾಯಿಯನ್ನು ಲೇಪನದಿಂದ ಮುಚ್ಚಿ ಬೆಂಕಿ ಹಾಕಿದರೆ ಹಬೆ ಹೊರಬರಲು ದಾರಿಯಿಲ್ಲದೆ ಲೇಪನವನ್ನು ಗುಳ್ಳೆಯೆಬ್ಬಿಸಿ ಕಿತ್ತುಹಾಕುತ್ತದೆ, ಕೆಲವೊಮ್ಮೆ ಇಟ್ಟಿಗೆಯ ಮುಖವನ್ನೂ ಜೊತೆಗೇ ಕೊಂಡೊಯ್ಯುತ್ತದೆ. ಲೇಪನವೂ ಇಟ್ಟಿಗೆಯೂ ಬಿಸಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗದಿದ್ದರೆ ಒಣಗಿದ ಗೋಡೆಯಲ್ಲೂ ಇದೇ ಪಾಡು.

ಗೇರುಬೀಜದ ಬಾಯ್ಲರಿನವರಿಗೆ ಇಂಧನದ ಆಯ್ಕೆಯಿಲ್ಲವೆಂಬ ಮಾತು ನಿಜ, ಅಲ್ಲಿ ನನ್ನ ವಿರೋಧ ಸಡಿಲವಾಗುತ್ತದೆ. ಆದರೂ ಅಲ್ಲಿ ಮೊದಲು ನೋಡಬೇಕಾದದ್ದು ಗ್ರೇಟಿನ, ಅಂದರೆ ಇಂಧನ ಉರಿಯುವ ಕಬ್ಬಿಣದ ಜಾಲರಿಯ ಮೇಲಿನ ಸಿಪ್ಪೆಯ ಹಾಸು ಒಂದೇ ಸಮನಾಗಿದೆಯೇ, ಮೇಲಿನಿಂದ ಬರುವ ಗಾಳಿ ಎಲ್ಲ ತೂತುಗಳಿಂದಲೂ ಬರುತ್ತಿದೆಯೇ ಎಂಬುದನ್ನು. ಗ್ರೇಟಿನ ಪಕ್ಕದ ಗೋಡೆಗೆ, ಬೂದಿಯ ಗಂಟು ಸುಲಭವಾಗಿ ಅಂಟದ ಸಿಲಿಕಾನ್ ಕಾರ್ಬೈಡ್ ಇಟ್ಟಿಗೆಯನ್ನು ಮುಂದಿನ ಶಟ್‌ಡೌನಿನಲ್ಲಿ ಕೂರಿಸಿದರೆ ಅದು ಲೇಪನಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಎಣ್ಣೆ ಉರಿಸುವವರಿಗಂತೂ ಈಗ ಬೇರೆ ದಾರಿಯೇ ತೆರೆದಿದೆ. ಕೊಚ್ಚಿಯಿಂದ ಮಂಗಳೂರಿಗೆ ಬಂದ ಸುಮಾರು 450 ಕಿಲೋಮೀಟರ್ ಉದ್ದದ ನೈಸರ್ಗಿಕ ಅನಿಲದ ಕೊಳವೆ ಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಆ ಅನಿಲದಲ್ಲಿ ಬೂದಿಯಿಲ್ಲ, ವೆನೇಡಿಯಂ ಇಲ್ಲ. ಬರ್ನರ್ ಓರೆಯಿದ್ದರೆ ಅನಿಲದ ಜ್ವಾಲೆಯೂ ಗೋಡೆಯನ್ನು ಸುಡುತ್ತದೆ, ಆದರೆ ಆಗ ದೋಷ ಒಂದೇ, ಅದನ್ನು ಹುಡುಕುವುದು ಸುಲಭ.

ಇನ್ನೊಂದು ಕಾರಣವಿದೆ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಪ್ರತಿ ಸಲ ಹೊಸ ಲೇಪನ ಬಳಿಯುವ ಮುನ್ನ ಹಳೆಯದನ್ನು ಉಳಿಯಿಂದ ಕೆತ್ತಿ ತೆಗೆಯಬೇಕು. ಆ ಕೆಲಸಕ್ಕೆ ಒಬ್ಬ ಮನುಷ್ಯ ಕುಲುಮೆಯ ಮ್ಯಾನ್‌ಹೋಲಿನೊಳಗೆ ತೂರಿ ಹೋಗುತ್ತಾನೆ. 1,000 ಡಿಗ್ರಿಗೂ ಮೇಲೆ ದೀರ್ಘಕಾಲ ಕಾದ ಸೆರಾಮಿಕ್ ಫೈಬರ್ ಸ್ವಲ್ಪ ಸ್ವಲ್ಪವಾಗಿ ಕ್ರಿಸ್ಟೋಬಲೈಟ್ ಎಂಬ ಹರಳು ಸಿಲಿಕಾ ಆಗಿ ಮಾರ್ಪಡುತ್ತದೆ. ಅದರ ದೂಳು ಶ್ವಾಸಕೋಶದಲ್ಲಿ ಸೇರಿದರೆ ಹೊರಗೆ ಬರುವುದಿಲ್ಲ, ಅದರಿಂದ ಬರುವ ಸಿಲಿಕೋಸಿಸ್‌ಗೆ ಗುಣವಾಗುವ ಮದ್ದಿಲ್ಲ. ಕ್ರೋಮ್ ಬೆರೆತ ಲೇಪನವಾದರೆ ಕ್ಷಾರದ ಜೊತೆ ಕಾದು ಹಳದಿ ಬಣ್ಣದ, ನೀರಲ್ಲಿ ಕರಗುವ ವಿಷವಾಗಿರುತ್ತದೆ. ಆ ಚೂರುಗಳನ್ನು ಶೆಡ್ಡಿನ ಹಿಂದೆ ಸುರಿದರೆ ಮೊದಲ ಮಳೆಗೇ ಅದು ತೋಡು ಸೇರಿ ಫಲ್ಗುಣಿ ನದಿಯ ಕಡೆಗೆ ಹೊರಡುತ್ತದೆ. ಒಳಗೆ ಇಳಿದವನ ಮೂಗಿಗೆ ಸರಿಯಾದ ಮಾಸ್ಕಿನ ಬದಲು ಒದ್ದೆ ಮಾಡಿದ ಬೈರಾಸು ಕಟ್ಟಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕಂಡೂ ಒಮ್ಮೆ ಸುಮ್ಮನಿದ್ದೆ ಎಂಬ ನೋವು ನನಗಿದೆ. ಜ್ವಾಲೆಯನ್ನು ನೆಟ್ಟಗಿಟ್ಟ ಕುಲುಮೆಗೆ ಆ ಮನುಷ್ಯ ವರ್ಷಕ್ಕೆ ಒಮ್ಮೆ ಇಳಿಯುತ್ತಾನೆ. ಲೇಪನವನ್ನೇ ನಂಬಿದ ನಮ್ಮ ಕುಲುಮೆಗೆ ಆ ವರ್ಷ ಅವನು ಮೂರು ಸಲ ಇಳಿದಿದ್ದ.