ಹೊಸಬರ ಕಾಲಿಗೆ 220ರ ವೇಗ ಕಟ್ಟಬೇಡಿ

ನಿನ್ನೆ ರಾತ್ರಿಯೂ ಅದೇ ಕಥೆ. ಸ್ವಿಂಗ್ ಡಾನ್ಸ್, ಅಂದರೆ ಹಳೇ ಅಮೆರಿಕನ್ ಜಾಝ್ ಹಾಡುಗಳಿಗೆ ಜೋಡಿಯಾಗಿ ಕುಣಿಯೋದು, ಶುರುವಾಗಿ ಅರ್ಧ ಗಂಟೆ ಆಗಿಲ್ಲ, ಫ್ಲೋರ್ ಮೇಲೆ ಮುಕ್ಕಾಲು ಪಾಲು ಹೊಸಬರು. ಡಿಜೆ ಹಾಕಿದ್ದು ಬೆನ್ನಿ ಗುಡ್‌ಮನ್ ಬ್ಯಾಂಡಿನ ‘ಸಿಂಗ್, ಸಿಂಗ್, ಸಿಂಗ್’. ಅದೂ 1937ರ ಪೂರ್ತಿ ರೆಕಾರ್ಡಿಂಗ್, ಎಂಟೂವರೆ ನಿಮಿಷಕ್ಕೂ ಹೆಚ್ಚು! ಮೂರನೇ ನಿಮಿಷಕ್ಕೆ ಅರ್ಧ ಜೋಡಿಗಳು ಗೋಡೆ ಹಿಡಿದು ಏದುಸಿರು ಬಿಡ್ತಿದ್ದವು. ಸಿಟ್ಟು ಇನ್ನೂ ಇಳಿದಿಲ್ಲ.

ಹಾಡಿನ ಮೇಲೆ ನನಗೆ ತಕರಾರಿಲ್ಲ. ಅದರಲ್ಲಿ ಜೀನ್ ಕ್ರೂಪಾ ಬಾರಿಸಿರೋ ಡ್ರಮ್ ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತೆ. ಆದರೆ ಅದು 12 ಇಂಚಿನ ಗ್ರಾಮಾಫೋನ್ ತಟ್ಟೆಯ ಎರಡೂ ಬದಿ ತುಂಬಿದ ಹಾಡು. ಆಗಿನ ಮಾಮೂಲಿ 10 ಇಂಚಿನ ತಟ್ಟೆಯಲ್ಲಿ ಒಂದು ಬದಿಗೆ ಹಿಡಿಸ್ತಿದ್ದದ್ದು ಸುಮಾರು ಮೂರು ನಿಮಿಷ. ಒಂದು ಹಾಡು ಕುಣಿದು, ಥ್ಯಾಂಕ್ಸ್ ಹೇಳಿ, ಜೊತೆ ಬದಲಿಸೋಕೆ ಅಷ್ಟು ಸಾಕು.

ಇನ್ನು ವೇಗ. ನಿಮಿಷಕ್ಕೆ ಸುಮಾರು 220 ಬೀಟ್. ಈ ಡಾನ್ಸಿನ ಮೂಲ ಹೆಜ್ಜೆ ಟ್ರಿಪಲ್ ಸ್ಟೆಪ್ ಅಂದರೆ ಎರಡು ಬೀಟಿನೊಳಗೆ ಮೂರು ಹೆಜ್ಜೆ. 130ರಲ್ಲಿ ಅದಕ್ಕೆ ಹತ್ತಿರ ಹತ್ತಿರ ಒಂದು ಸೆಕೆಂಡ್ ಸಿಗುತ್ತೆ, 220ರಲ್ಲಿ ಅರ್ಧಕ್ಕಿಂತ ಚೂರು ಹೆಚ್ಚು, ಅಷ್ಟೆ. ಆಗ ಹೊಸಬರ ಕಾಲನ್ನು ಗಮನಿಸಿ. ಗಾಬರಿಗೆ ಹೆಜ್ಜೆ ದೊಡ್ಡದಾಗುತ್ತೆ, ಹಿಮ್ಮಡಿ ನೆಲಕ್ಕೆ ಕುಕ್ಕುತ್ತೆ, ಮೂರನೇ ಹೆಜ್ಜೆ ಹಿಂದೆ ಬೀಳುತ್ತೆ. ಆ ತಡ ಸರಿಮಾಡೋಕೆ ಜೊತೆಗಾರರ ಕೈ ಜಗ್ಗುತ್ತಾರೆ. ಭುಜ ಉಳುಕೋದು ಅಲ್ಲೇ. ಪಳಗಿದವರು ಟ್ರಿಪಲ್ ಬಿಟ್ಟು ಕಾಲು ಬೀಸೋ ಕಿಕ್‌ಗೆ ಹೋಗ್ತಾರೆ, ಹೆಜ್ಜೆ ಚಿಕ್ಕದು ಮಾಡ್ಕೋತಾರೆ. ಎರಡು ವಾರ ಕಲಿತವರಿಗೆ ಅದು ಹೇಗೆ ಗೊತ್ತಿರಬೇಕು?

“ಜನಕ್ಕೆ ಗೊತ್ತಿರೋ ಹಾಡು ಅದೇ, ಎದ್ದು ಬರ್ತಾರೆ” ಅಂತಾರೆ ಡಿಜೆಗಳು. ಬರ್ತಾರೆ, ಎರಡು ನಿಮಿಷದಲ್ಲಿ ವಾಪಸ್ ಹೋಗ್ತಾರೆ. ಗೊತ್ತಿರೋದೇ ಬೇಕಾ? ಗ್ಲೆನ್ ಮಿಲ್ಲರ್ ಅವರ 1939ರ ‘ಇನ್ ದ ಮೂಡ್’ ಇದೆ. ಅದರ ಕೊನೆ ಮಾತ್ರ ಜೋಪಾನ. ಒಂದೇ ರಿಫ್, ಅಂದರೆ ಪುಟ್ಟ ರಾಗದ ತುಣುಕು, ಮತ್ತೆ ಮತ್ತೆ ಮೆಲ್ಲಗಾಗುತ್ತಾ ಹೋಗಿ, ಮುಗೀತು ಅನ್ನುವಾಗ ಇಡೀ ಬ್ಯಾಂಡ್ ಅಬ್ಬರಿಸುತ್ತೆ. ಅಲ್ಲಿ ಕ್ರಾಸ್‌ಫೇಡ್ ಮಾಡೋರೂ, ಅಂದರೆ ಈ ಹಾಡು ಇಳಿಸುತ್ತಾ ಮುಂದಿನದನ್ನು ಏರಿಸೋರೂ ಇದ್ದಾರೆ. ದಯವಿಟ್ಟು ಬೇಡ. ಕೊನೇ ಹೊಡೆತಕ್ಕೆ ಸರಿಯಾಗಿ ನಿಲ್ಲಬೇಕು ಅಂತ ಜೋಡಿಗಳು ಕಾಯ್ತಿರ್ತಾವೆ.

“ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿದ್ದ ಸವಾಯ್ ಬಾಲ್‌ರೂಮಿನಲ್ಲಿ ಇದಕ್ಕಿಂತ ಜೋರಾಗಿ ಕುಣೀತಿದ್ದರು” ಅನ್ನೋ ವಾದವೂ ಉಂಟು. ಹೌದು. 1937ರ ಮೇ 11ರಂದು ಚಿಕ್ ವೆಬ್ ಬ್ಯಾಂಡ್ ಇದೇ ಗುಡ್‌ಮನ್ ಬ್ಯಾಂಡಿಗೆ ಎದುರು ಪೈಪೋಟಿಗೆ ನಿಂತಿದ್ದೂ ಅಲ್ಲೇ. ಅಲ್ಲಿ ಫ್ರಾಂಕಿ ಮ್ಯಾನಿಂಗ್ ಥರದ ಹೆಸರಾಂತ ಡಾನ್ಸರ್‌ಗಳು ರಾತ್ರಿ ರಾತ್ರಿ ಕುಣಿದು ಕಾಲು ಹದಗೊಳಿಸಿಕೊಂಡಿದ್ದರು. ಆ ಮಾತನ್ನು ಹೊಸಬರ ಮುಂದೆ ತರೋದು ಅನ್ಯಾಯ.

ಇನ್ನೊಂದು ಎಡವಟ್ಟು: ಬೀಟ್ ಎಣಿಸೋ ಡಿಜೆ ಸಾಫ್ಟ್‌ವೇರ್ ಎಷ್ಟೋ ಸಲ 220ರ ಹಾಡಿಗೆ 110 ಅಂತ ತೋರಿಸುತ್ತೆ. ಡಿಜೆ ನಿಧಾನದ ಹಾಡು ಅಂದ್ಕೊಂಡು ಹಾಕಿಬಿಡ್ತಾರೆ. ಹೆಡ್‌ಫೋನ್ ಹಾಕಿ, ಬಾಸ್ ವಾದ್ಯದ ಬೀಟ್ ಹಿಡಿದು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ಹಳೇ ರೆಕಾರ್ಡಿಂಗ್‌ಗೆ ಬಾಸ್ ಏರಿಸಬೇಡಿ, ಬರೀ ಗುಂಯ್ ಅನ್ನುತ್ತೆ.

ಮೊದಲ ಗಂಟೆ 130ರಿಂದ 160ರ ಒಳಗೇ ಅಲೆಯ ಹಾಗೆ ಏರಿಸಿ ಇಳಿಸಿ. ನಡುವೆ ಜಿಮ್ಮಿ ಲನ್ಸ್‌ಫರ್ಡ್ ಅವರ ‘ಟೇಂಟ್ ವಾಟ್ ಯು ಡೂ’ ಬರಲಿ, ಶಿಮ್ ಶಾಮ್ ಅನ್ನೋ ಸಾಲು ಕುಣಿತಕ್ಕೆ ಎಲ್ಲರೂ ನಿಲ್ಲಲಿ. ‘ಸಿಂಗ್, ಸಿಂಗ್, ಸಿಂಗ್’ ಹಾಕಲೇಬೇಕಾ? ಎರಡು ಗಂಟೆ ಕಳೆದ ಮೇಲೆ, ಮೈಕಿನಲ್ಲಿ “ಜಾಮ್ ಸರ್ಕಲ್” ಅಂತ ಕೂಗಿ ಹಾಕಿ. ಪಳಗಿದವರು ನಡುವೆ ಇಳೀತಾರೆ, ಹೊಸಬರು ಸುತ್ತ ನಿಂತು ಚಪ್ಪಾಳೆ ತಟ್ಟುತ್ತಾ ನೋಡಿ ಕಲೀತಾರೆ. ಅದು ಮುಗಿದ ಕೂಡಲೇ ಉಸಿರು ಸುಧಾರಿಸಿಕೊಳ್ಳೋಕೆ ಕೌಂಟ್ ಬೇಸಿ ಬ್ಯಾಂಡಿನ ‘ಶೈನಿ ಸ್ಟಾಕಿಂಗ್ಸ್’ ಹಾಕಿ, ಫ್ಯಾನ್ ಪೂರ್ತಿ ತಿರುಗಿಸಿ.