ಕೊಡೆ ಹಂಚಿ ಮಳೆ ತರಿಸುವವರು

ಜಾಸ್ತಿ ಓದಿದವರ ಮನೆಯಲ್ಲಿ ಕಂಪ್ಯೂಟರ್ ಜಾಸ್ತಿ ಅಂತ ಸಮೀಕ್ಷೆಯೊಂದು ಹೇಳುತ್ತೆ. ಇದಕ್ಕೆ ಸಮೀಕ್ಷೆಯೇ ಬೇಕಾ? ಓದಿದವರಿಗೆ ಕೆಲಸ ಸಿಗುತ್ತೆ, ಕೆಲಸಕ್ಕೆ ಸಂಬಳ ಬರುತ್ತೆ, ಸಂಬಳ ಬಂದರೆ ಕಂತಿನಲ್ಲಿ ಲ್ಯಾಪ್‌ಟಾಪ್ ಬರುತ್ತೆ. ಇದು ಅರಳಿಕಟ್ಟೆಯ ಲೆಕ್ಕ. ಯೋಜನೆ ಮಾಡುವ ದೊಡ್ಡವರ ಲೆಕ್ಕ ಉಲ್ಟಾ. ಮೊದಲು ಕಂಪ್ಯೂಟರ್ ಕೊಡಿ, ಓದು ಹಿಂದೆಯೇ ಬರುತ್ತೆ! ಮಳೆಗಾಲದಲ್ಲಿ ಎಲ್ಲರ ಕೈಯಲ್ಲೂ ಕೊಡೆ ಇರುತ್ತೆ, ಹಾಗಾಗಿ ಬರ ಬಂದಾಗ ಕೊಡೆ ಹಂಚೋಣ ಅಂದ ಹಾಗಾಯಿತು.

ಅಮೆರಿಕದವರು ಮಗುವಿಗೊಂದು 100 ಡಾಲರಿನ ಲ್ಯಾಪ್‌ಟಾಪ್ ಎಂದು ಹೊರಟಾಗ, 2006ರಲ್ಲಿ ನಮ್ಮ ಕೇಂದ್ರ ಸರ್ಕಾರ ಬೇಡ ಎಂದಿತು. ಇದರಿಂದ ಕಲಿಕೆಗೆ ಲಾಭವಾಗುತ್ತಾ ಅಂತ ಅನುಮಾನಪಟ್ಟಿತು. ಭೇಷ್! ಪೆರು ದೇಶ ಮಾತ್ರ 8 ಲಕ್ಷಕ್ಕೂ ಹೆಚ್ಚು ಕೊಂಡಿತು. 2012ರಲ್ಲಿ ಹೊರಬಂದ ಅಧ್ಯಯನ ನೋಡಿದರೆ ಮಕ್ಕಳ ಗಣಿತ, ಭಾಷೆ ಎರಡೂ ಇದ್ದಲ್ಲೇ ಇದ್ದವು. ಅಷ್ಟರಲ್ಲಿ ನಮ್ಮವರ ಅನುಮಾನವೂ ಆವಿಯಾಗಿತ್ತು. 2011ರ ಅಕ್ಟೋಬರಿನಲ್ಲೇ ವಿದ್ಯಾರ್ಥಿಗಳಿಗೆಂದು ‘ಆಕಾಶ್’ ಅನ್ನೋ ಅಗ್ಗದ ಟ್ಯಾಬ್ಲೆಟ್ ಬಿಡುಗಡೆ ಮಾಡಿದ್ದರು. ಸರ್ಕಾರ ಕೊಂಡದ್ದು 2,276 ರೂಪಾಯಿಗೆ, ಮೆಮೊರಿ 256 ಎಂಬಿ. ಪರದೆಯನ್ನು ಮುಟ್ಟಿದರೆ ಸಾಲದು, ಗಟ್ಟಿಯಾಗಿ ಒತ್ತಬೇಕಿತ್ತು. ಓದು ಬರದಿದ್ದರೂ ಬೆರಳಿಗೆ ಬಲವಂತೂ ಬಂತು.

2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ ದೇಶದ ಹಳ್ಳಿ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ 4.4ರಷ್ಟರಲ್ಲಿ. ಪಟ್ಟಣಗಳಲ್ಲಿ ಶೇ 23.4. ಇದು ಗೊತ್ತಿದ್ದೂ 2020ರಲ್ಲಿ ಶಾಲೆಯನ್ನೇ ಆನ್‌ಲೈನಿಗೆ ಎತ್ತಿಬಿಟ್ಟರು. ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಅದನ್ನು ನಾವು ಮಕ್ಕಳ ಛಲ ಅಂತ ಹೊಗಳಿ, ಫೋಟೊ ಫಾರ್ವರ್ಡ್ ಮಾಡಿ, ಮಲಗಿದೆವು.

ಈಗ ಪರಿಸ್ಥಿತಿ ಸುಧಾರಿಸಿದೆ. 2023-24ರ ಸರ್ಕಾರಿ ಲೆಕ್ಕದಲ್ಲಿ ದೇಶದ ಶೇ 57.2 ಶಾಲೆಗಳಲ್ಲಿ ‘ಕೆಲಸ ಮಾಡುವ’ ಕಂಪ್ಯೂಟರ್ ಇತ್ತು. ಅದು ಮಾಡುವ ಕೆಲಸ ಏನು ಅಂತೀರಾ? ಯಾವುದಾದರೂ ಊರಿನ ಶಾಲೆಗೆ ಹೋಗಿ ನೋಡಿ. ಹೆಡ್‌ಮಾಸ್ಟರ ಕೋಣೆಯ ಮೂಲೆಯಲ್ಲಿ ಹಳೇ ಟೇಬಲ್‌ಕ್ಲಾತ್ ಹೊದ್ದು ಕೂತಿರುತ್ತೆ. ಮಾನಿಟರ್ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಇದೆ. ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ಕಾಲವಾಯಿತು, ಬದಲಿಸಲು ಅನುದಾನ ಇಲ್ಲ. ಮಕ್ಕಳು ಮುಟ್ಟಿದರೆ ಹಾಳಾಗುತ್ತೆ ಅಂತ ಬೀಗ. ಪಾಠ ಮಾತ್ರ ನಡೆಯುತ್ತೆ, ಬೋರ್ಡ್ ಮೇಲೆ. ಮೇಷ್ಟ್ರು ಸೀಮೆಸುಣ್ಣದಲ್ಲಿ ಮೌಸ್ ಬರೆದು, ಇದರ ಎಡಗಿವಿ ಹಿಂಡಿದರೆ ಫೈಲ್ ತೆರೆಯುತ್ತೆ ಅನ್ನುತ್ತಾರೆ. ಪರೀಕ್ಷೆಯಲ್ಲಿ ಮೌಸ್ ಚಿತ್ರಕ್ಕೆ ಎರಡು ಅಂಕ, ಬಾಲ ಮರೆತರೆ ಒಂದೇ.

ಆದರೆ ಶಾಲೆಯಲ್ಲಿ ಎಷ್ಟು ಕಂಪ್ಯೂಟರ್ ಇದೆ ಅನ್ನೋ ಮಾಹಿತಿಯನ್ನು ಆನ್‌ಲೈನಿನಲ್ಲೇ ತುಂಬಬೇಕು. ಹಾಗಾಗಿ ಹೆಡ್‌ಮಾಸ್ಟರು ಬಸ್ ಹಿಡಿದು ತಾಲ್ಲೂಕಿನ ಸೈಬರ್ ಸೆಂಟರಿಗೆ ಬರುತ್ತಾರೆ. ಅಲ್ಲಿ ಕೀಲಿಮಣೆ ಕುಟ್ಟುವವನು ಇವರದೇ ಹಳೇ ಶಿಷ್ಯ. ಡಿಗ್ರಿ ಮುಗಿಸಿ ಕೆಲಸ ಸಿಗದೆ ಕೂತವನು.

‘ಸಾರ್, ಕಂಪ್ಯೂಟರ್ ಚಾಲೂ ಇದೆಯಾ ಅಂತ ಕೇಳ್ತಿದೆ. ಏನು ಒತ್ತಲಿ?’

‘ಇದೆ ಅಂತ ಒತ್ತಪ್ಪ. ಇಲ್ಲ ಅಂದ್ರೆ ಕಾರಣ ಬರಿ ಅಂತಾರೆ.’